ಹುಳಕ್ಕೆ ಆದ ರೂಢಿ

ನೀರು ಕುಡಿಯುವ ಮುಂಚೆ ಲೋಟ ಮೂಸಿ ನೋಡುವುದು ನನ್ನ ಚಟ. ನಮ್ಮ ಮನೆಯಲ್ಲಾದರೆ ಹೋಗಲಿ, ಬೀಗರ ಮನೆಯಲ್ಲೂ ಮೂಸುತ್ತೇನೆ, ಹೋಟೆಲಿನಲ್ಲೂ ಮೂಸುತ್ತೇನೆ. ಒಮ್ಮೆ ಹಂಪಿಗೆ ಹೋಗುವಾಗ ಕಡ್ಡಿರಾಂಪುರದ ಖಾನಾವಳಿಯಲ್ಲಿ ನಾನು ಲೋಟವನ್ನು ಮೂಗಿನ ಹತ್ತಿರ ಒಯ್ದದ್ದನ್ನು ಕಂಡು ಅದರ ಮಾಲೀಕ ಗಲ್ಲಾ ಬಿಟ್ಟು ಓಡಿ ಬಂದ. "ಅಕ್ಕಾರ, ಈಗಿನ್ನ ಬೂದಿ ಹಚ್ಚಿ ತೊಳದದ್ದೈತ್ರಿ, ಅನುಮಾನ ಬ್ಯಾಡ್ರಿ" ಎಂದು ಕೈಮುಗಿದ. ನಮ್ಮ ಮನೆಯವರು ಎದುರಿಗೇ ಕೂತಿದ್ದರು, ಅವಕಾಶ ಬಿಡುವವರೇ? "ನಿನ್ನ ಲೋಟದ ಮ್ಯಾಲ ಅನುಮಾನ ಅಲ್ಲಪಾ. ಈಕಿ ಮದುವಿ ದಿನ ನನ್ನ ಕೊಳ್ಳಿಗೆ ಹಾಕೋ ಹಾರಾನೂ ಮೂಸೇ ಹಾಕ್ಯಾಳ" ಎಂದರು. ಮಾಲೀಕ ಹಲ್ಲು ಕಿಸಿದ. ನಾನು ಮಾತ್ರ ಮೂಸಿಯೇ ಕುಡಿದೆ.

ನಗುವವರು ನಗಲಿ. ಈ ಚಟ ನನಗೆ ಅವ್ವನಿಂದ ಬಂದದ್ದು. ಅಂದ ತಕ್ಷಣ, ರಕ್ತದಲ್ಲಿ ಬಂತು ಅಂತ ತಿಳಿದುಕೊಂಡೀರಿ ಮತ್ತೆ! ಹೊಸಪೇಟೆಯ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಪ್ರಾಣಿಶಾಸ್ತ್ರ ಕಲಿಸಿ, ಸೀಮೆಸುಣ್ಣ ತಿಂದು ತಿಂದು ನಿವೃತ್ತಳಾದವಳು ನಾನು. ಅಂಥ ಮಾತು ಕೇಳಿದರೆ ಇವತ್ತಿಗೂ ಮೈ ಉರಿಯುತ್ತದೆ. ರೂಢಿ ಬೇರೆ, ರಕ್ತ ಬೇರೆ. ತಾಯಿ ತನ್ನ ಬಾಳಿನಲ್ಲಿ ಮಾಡಿಕೊಂಡ ರೂಢಿ ಮಗಳ ರಕ್ತಕ್ಕೆ ಇಳಿಯುವುದಿಲ್ಲ. ಅವ್ವ ಮೂಸುತ್ತಿದ್ದಳು, ನಾನು ನೋಡಿ ಕಲಿತೆ, ಅಷ್ಟೇ. ಇಷ್ಟು ಸಣ್ಣ ಮಾತಿಗೆ ಇವಳಿಗೇಕೆ ಇಷ್ಟು ಸಿಟ್ಟು ಅಂತ ನಿಮಗೆ ಅನ್ನಿಸಿದರೆ, ಕುಂದ್ರಿ, ಹೇಳುತ್ತೇನೆ.

ನಮ್ಮೂರು ಕಂಪ್ಲಿ ಕಡೆ, ಕಾಲುವೆ ಮಗ್ಗುಲಲ್ಲಿ. ಜೋಳದ ರೊಟ್ಟಿ ತಿನ್ನುತ್ತಿದ್ದ ಊರಿಗೆ ಕಾಲುವೆ ನೀರು ಹರಿದು, ಎರಡು ಹೊತ್ತೂ ಅನ್ನ ಬೇಯತೊಡಗಿತ್ತು. ಮಣ್ಣಿನ ಮಾಳಿಗೆ ಇದ್ದ ಕಡೆ ಆರ್‌ಸಿಸಿ ಬಂತು, ಗಂಡಸರ ಕೈಗೆ ಗಡಿಯಾರ ಬಂತು, ಹೆಂಗಸರ ಕಿವಿಗೆ ಕಲ್ಲಿನ ಓಲೆ ಬಂತು. ಆಂಧ್ರದಿಂದ ರೈತರು ಬಂದು ಊರಾಚೆ ಕ್ಯಾಂಪು ಹಾಕಿಕೊಂಡು ನಮಗೆ ಸಾಲು ನಾಟಿ ಕಲಿಸಿದರು, ಹುಳಕ್ಕೆ ಔಷಧ ಹೊಡೆಯುವುದನ್ನೂ ಕಲಿಸಿದರು. ಆ ಔಷಧಕ್ಕೆ ನಮ್ಮ ಕಡೆ ಎಣ್ಣಿ ಎನ್ನುತ್ತಾರೆ. ಎಣ್ಣಿ ತೀರಿದ ಡಬ್ಬಿ ಥಳಥಳ ಹೊಳೆಯುತ್ತಿತ್ತು. ಎಸೆಯಲು ಯಾರಿಗೆ ಮನಸ್ಸು ಬರುತ್ತದೆ? ತೊಳೆದು ಒಬ್ಬರು ಉಪ್ಪು ಹಾಕಿದರು, ಒಬ್ಬರು ತುಳಸಿ ನೆಟ್ಟರು, ಇನ್ನೊಬ್ಬರು ಕೊಡದೊಳಗೆ ಅದ್ದಿ ನೀರು ತೆಗೆಯಲು ಇಟ್ಟುಕೊಂಡರು. ಅವ್ವ ಮಾತ್ರ ಆ ಡಬ್ಬಿಯನ್ನು ಹೊಸ್ತಿಲ ಒಳಗೆ ಬಿಟ್ಟುಕೊಳ್ಳಲಿಲ್ಲ. ಎಲ್ಲಿ ಯಾವ ಪಾತ್ರೆ ಯಾವುದಕ್ಕೆ ತಾಗಿದೆಯೋ ಎಂದು ಮೂಸಲು ಶುರು ಮಾಡಿದಳು. ಓದು ಬಾರದ ಅವಳಿಗೆ ವಾಸನೆಯೊಂದೇ ಗೊತ್ತಿತ್ತು, ಅದನ್ನೇ ನಂಬಿದ್ದಳು.

ಅಪ್ಪ ನಾವು ಸಣ್ಣವರಿದ್ದಾಗಲೇ ಹೋಗಿದ್ದ. ಮನೆಯಲ್ಲಿ ಅವ್ವ, ನಾನು, ನನ್ನಣ್ಣ ಈರಣ್ಣ. ಅಣ್ಣ ನನಗಿಂತ ದೊಡ್ಡವನು, ಆದರೆ ಫೇಲಾಗಿ ಫೇಲಾಗಿ ನನ್ನ ಕ್ಲಾಸಿಗೇ ಬಂದು ಕೂತಿದ್ದ. ಮಾಸ್ತರರು ಕೇಳಿದರೆ "ತಂಗಿ ಕಾವಲಿಗೆ ಬಂದೀನ್ರಿ ಸರ್" ಎನ್ನುತ್ತಿದ್ದ. ಬೆನ್ನ ಮೇಲೆ ಬೆತ್ತ ಬಿದ್ದರೂ ನಗುತ್ತಿದ್ದ.

ನಮ್ಮ ಸೈನ್ಸ್ ಮಾಸ್ತರರು ಒಳ್ಳೆಯವರು. ಗೊತ್ತಿದ್ದದ್ದನ್ನು ಎಷ್ಟು ಪ್ರೀತಿಯಿಂದ ಕಲಿಸುತ್ತಿದ್ದರೋ ಗೊತ್ತಿಲ್ಲದ್ದನ್ನೂ ಅಷ್ಟೇ ಪ್ರೀತಿಯಿಂದ ಕಲಿಸುತ್ತಿದ್ದರು. ಒಂದು ದಿನ ಬೋರ್ಡಿನ ಮೇಲೆ ಜಿರಾಫೆ ಬರೆದರು. "ಮೊದ್ಲು ಇದರ ಕುತ್ತಿಗಿ ಗಿಡ್ಡ ಇತ್ತು. ಕೆಳಗಿನ ತೊಪ್ಪಲ ಎಲ್ಲಾ ಖಾಲಿ ಆತು. ಮ್ಯಾಲಿಂದು ಬೇಕಂದ್ರ ಕುತ್ತಿಗಿ ಚಾಚಬೇಕು. ಚಾಚಿತು, ಚಾಚಿತು, ರೂಢಿ ಆತು, ಉದ್ದ ಆತು. ಮಕ್ಕಳಿಗೂ ಉದ್ದನ್ನ ಕುತ್ತಿಗೀನ ಬಂತು. ತಿಳೀತಿಲ್ಲೋ?" ಎಂದರು.

ನಮಗೆ ಬಹಳ ಚೆನ್ನಾಗಿ ತಿಳಿಯಿತು. ಅಣ್ಣ ಕುಳ್ಳ. ಮರುದಿನದಿಂದ ಹಿತ್ತಲ ಬೇವಿನ ಟೊಂಗೆಗೆ ಜೋತುಬಿದ್ದ. ನನ್ನದು ಮೊಂಡು ಮೂಗು. ನಾನು ಕೊಬ್ಬರಿ ಎಣ್ಣೆ ಹಚ್ಚಿ ಮೂಗಿನ ತುದಿ ಎಳೆಯಲು ಕೂತೆ. ಗೋಡೆಗೆ ಇದ್ದಿಲಲ್ಲಿ ಗೆರೆ ಎಳೆದು ಅವನ ಎತ್ತರ ನೋಡುವವಳು ನಾನು, ಕನ್ನಡಿ ಹಿಡಿದು ನನ್ನ ಮೂಗಿನ ವರದಿ ಕೊಡುವವನು ಅವನು. ಅವನ ಅಂಗೈಗೆ ಬೊಬ್ಬೆ ಬಂತು, ನನ್ನ ಮೂಗು ಟೊಮೇಟೊ ಹಣ್ಣಾಯಿತು. ಗೆರೆ ಅಲ್ಲೇ ಇತ್ತು, ಮೂಗೂ ಅಲ್ಲೇ ಇತ್ತು. ಅಣ್ಣ ಮಾಸ್ತರರಿಗೆ ದೂರು ಹೇಳಿದ. ಅವರು ಬೆನ್ನು ತಟ್ಟಿ, "ಇನ್ನಾ ರೂಢಿ ಸಾಲದಪಾ, ಬಿಡಬ್ಯಾಡ" ಎಂದರು. ಮೂಗಿನ ಮಟ್ಟಿಗೆ ನಾನು ಅವತ್ತೇ ಬಿಟ್ಟೆ. ಅಣ್ಣ ಆ ಮಾತನ್ನು ಬಿಡಲಿಲ್ಲ.

ಅದೇ ವರ್ಷ ನಮ್ಮನ್ನು ಹಂಪಿಗೆ ಕರೆದುಕೊಂಡು ಹೋದರು. ಬಜಾರಿನ ಕಲ್ಲು ಮಂಟಪದ ನೆರಳಲ್ಲಿ ಬುತ್ತಿ ಬಿಚ್ಚಿದೆವೋ ಇಲ್ಲವೋ, ಕೆಂಪು ಮೋರೆಯ ಮಂಗಗಳು ಬಂದು ನನ್ನ ಮಂಡಕ್ಕಿ ಪೊಟ್ಟಣ ಕಿತ್ತುಕೊಂಡು ಹೋದವು. ದೂರದ ಬಂಡೆಯ ಮೇಲೆ ಕಪ್ಪು ಮೋರೆಯ ಮುಸುವಗಳು ಬಾಲ ಇಳಿಬಿಟ್ಟು ಗಂಭೀರವಾಗಿ ಕೂತಿದ್ದವು. ಅಣ್ಣ ಎದ್ದು ನಿಂತು ಕೇಳಿದ, "ಸರ್, ಮಂಗ್ಯಾನಿಂದ ಮನಷ್ಯಾ ಆದಾ ಅಂತೀರಿ. ಹಂಗಾರ ಇವು ಯಾಕ ಇನ್ನೂ ಮಂಗ್ಯಾ ಆಗೇ ಉಳದಾವ್ರಿ?"

ಮಾಸ್ತರರು ಚಪಾತಿ ತುಂಡು ಕೈಯಲ್ಲೇ ಹಿಡಿದು ಯೋಚಿಸಿದರು. "ಇವು ಪ್ರಯತ್ನ ಮಾಡ್ಲಿಲ್ಲಪಾ. ಆ ಕಪ್ಪು ಮಾರಿದು ನೋಡು, ಭಾಳ ಹಿಂದೈತಿ. ಕೆಂಪು ಮಾರಿದು ಒಂದು ಮೆಟ್ಲ ಮುಂದ. ಆಮ್ಯಾಲ ನಾವು" ಎಂದರು. ಅಣ್ಣ ತನ್ನ ಪಾಲಿನ ಬಾಳೆಹಣ್ಣನ್ನು ಒಂದು ಮುಸುವಕ್ಕೆ ಎಸೆದು, "ಪ್ರಯತ್ನ ಮಾಡಲೇ, ನಾನs ಇಲ್ಲಿತನಕ ಬಂದೀನಿ, ನೀನೂ ಪಾಸಾಗ್ತಿ" ಎಂದು ಕೂಗಿದ. ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಆ ಮೆಟ್ಟಿಲನ್ನು ನನ್ನ ವಿದ್ಯಾರ್ಥಿನಿಯರ ತಲೆಯಿಂದ ಕಿತ್ತು ಹಾಕುವುದರಲ್ಲೇ ನನ್ನ ನೌಕರಿ ಮುಗಿಯಿತು. ನಮ್ಮ ದೊಡ್ಡಪ್ಪನ ಮಕ್ಕಳು ಸಂಡೂರಿನವರು, ಗುಡ್ಡದ ಕೆಂಪು ಮಣ್ಣಲ್ಲಿ ಅದಿರು ಅಗೆದು ಬದುಕಿದವರು. ನಾವು ಕೆಸರಲ್ಲಿ ನಾಟಿ ಹಚ್ಚಿ ಬದುಕಿದವರು. ಇಬ್ಬರಿಗೂ ಅಜ್ಜ ಒಬ್ಬನೇ. ನಾವು ಸಂಡೂರಿನವರಿಗೆ ಹುಟ್ಟಿದೆವೇ? ಅಥವಾ ಅವರು ಪ್ರಯತ್ನ ಸಾಲದೆ ನಾವಾಗಲಿಲ್ಲವೇ? ಮಂಗವೂ ಹಾಗೇ. ಅದು ನಮ್ಮ ಅಜ್ಜನಲ್ಲ, ದಾಯಾದಿ. ಲೆಕ್ಕಕ್ಕೆ ಸಿಗದಷ್ಟು ತಲೆಮಾರಿನ ಹಿಂದೆ ಒಂದು ಹಿಂಡು ಎರಡಾಗಿ ಒಡೆಯಿತು, ಕೂಡುವುದು ನಿಂತಿತು, ನಿಂತು ನಿಂತು ಇನ್ನು ಕೂಡಲಾರದಷ್ಟು ಬೇರೆಯಾಯಿತು. ಯಾರೂ ಮುಂದಿಲ್ಲ, ಯಾರೂ ಹಿಂದಿಲ್ಲ. ದಾಯಾದಿಗಳು ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಕಿದ್ದರೆ ಹಂಪಿ ಬಜಾರಿನಲ್ಲಿ ಬಾಳೆಹಣ್ಣಿನ ಚೀಲ ಹಿಡಿದು ನಡೆದು ನೋಡಿ, ಪಾಲು ಕೇಳಲು ಹೇಗೆ ಬರುತ್ತವೆ ಅಂತ.

ಇದೆಲ್ಲ ನನಗೆ ತಿಳಿದದ್ದು ಹೊಸಪೇಟೆಯ ಕಾಲೇಜಿಗೆ ಹೋದ ಮೇಲೆ. ಅಣ್ಣ ಕಾಲೇಜಿಗೆ ಬರಲಿಲ್ಲ. ಶಾಲೆ ಬಿಟ್ಟು ಬೆನ್ನಿಗೆ ಎಣ್ಣಿ ಹೊಡೆಯುವ ಪಂಪು ಹೊತ್ತ. ಶಾಲೆಯಿಂದ ಅವನು ಮನೆಗೆ ತಂದ ಪಾಠವೆಂದರೆ ಆ ಜಿರಾಫೆ ಒಂದೇ, ಅದೂ ತಪ್ಪು ಪಾಠ.

ಎಣ್ಣಿ ಹೊಡೆಯುವವರಲ್ಲಿ ಒಂದು ಪದ್ಧತಿ ಇತ್ತು. ಅದಕ್ಕೆ ರೂಢಿ ಹಿಡಿಸೋದು ಎನ್ನುತ್ತಿದ್ದರು. ಹೊಸಬ ಬಂದರೆ ಮೊದಲು ಬರೀ ಡಬ್ಬಿಯ ಬಿರಡೆ ಮೂಸಿಸುವುದು. ಅದಕ್ಕೆ ತಲೆ ತಿರುಗುವುದು ನಿಂತ ಮೇಲೆ ಎಣ್ಣಿ ಬೆರೆಸಿದ ನೀರಲ್ಲಿ ಬೆರಳು ಅದ್ದಿಸುವುದು, ಆಮೇಲೆ ಅಂಗೈ, ಆಮೇಲೆ ಮೊಣಕೈತನಕ. ಪೂರಾ ತೋಳು ಇಳಿಸಿ ಡ್ರಮ್ಮಿನ ನೀರು ಕಲೆಸುವವನೇ ಅವರಲ್ಲಿ ಮೇಸ್ತ್ರಿ. ಕೋಲು ಹಿಡಿದು ಕಲೆಸಿದರೆ "ಹೆಂಗಸಾಗೇನಲೇ?" ಎಂದು ನಗುತ್ತಿದ್ದರು. ಇದಕ್ಕೆ ಅವರ ಹತ್ತಿರ ಗಟ್ಟಿ ಕಾರಣವೂ ಇತ್ತು. ಮೊದಲ ವರ್ಷ ಒಂದು ಮುಚ್ಚಳ ಎಣ್ಣಿಗೆ ಗದ್ದೆಯ ಜಿಗಿಹುಳವೆಲ್ಲ ಉದುರಿ ಬಿದ್ದಿತ್ತು. ಬರಬರುತ್ತ ಎರಡು ಮುಚ್ಚಳ ಬೇಕಾಯಿತು, ಆಮೇಲೆ ಅದಕ್ಕೂ ಜಗ್ಗಲಿಲ್ಲ. ಹುಳಕ್ಕೆ ರೂಢಿಯಾಗಿದೆ ಎಂದರು ಎಲ್ಲರೂ. ಸೊಳ್ಳೆಯಷ್ಟು ಹುಳ ದಿನಾ ಕುಡಿದು ಕುಡಿದು ರೂಢಿ ಮಾಡಿಕೊಳ್ಳುವುದಾದರೆ ಇಷ್ಟು ದೊಡ್ಡ ಮನುಷ್ಯನ ಮೈಗೆ ಏನು ಧಾಡಿ? ಇಡೀ ಊರು ನಂಬಿದ ಲೆಕ್ಕ ಇದು. ಅಣ್ಣ ಎಲ್ಲರಿಗಿಂತ ಹೆಚ್ಚು ನಂಬಿದ. ನೋಡುತ್ತ ನೋಡುತ್ತ ಅವನೇ ಮೇಸ್ತ್ರಿಯಾದ.

ನಾನು ಪ್ರಾಣಿಶಾಸ್ತ್ರ ಓದುವಾಗ ಒಮ್ಮೆ ರಜೆಗೆ ಊರಿಗೆ ಹೋಗಿ, ಬುತ್ತಿ ಹೊತ್ತು ಗದ್ದೆಯ ಬದುವಿಗೆ ಹೋದೆ. ಅಣ್ಣ ಡ್ರಮ್ಮಿನೊಳಗೆ ತೋಳು ಇಳಿಸಿ ಹಾಲಿನಂಥ ನೀರು ಕಲೆಸುತ್ತಿದ್ದ. ಬುತ್ತಿ ಅಲ್ಲೇ ಇಟ್ಟು ಅವನ ತೋಳು ಹಿಡಿದು ಎಳೆದೆ.

"ಬಿಡಲೇ ಗಂಗೀ, ನನಗ ರೂಢಿ ಐತಿ. ಹುಳಕ್ಕs ಆಗೈತಿ, ನನಗ ಆಗಂಗಿಲ್ಲೇನು?"

"ಹುಳ ರೂಢಿ ಮಾಡ್ಕೊಂಡಿಲ್ಲಣ್ಣ. ಸತ್ತಾವ."

"ಸತ್ತಿದ್ರ ಇವ್ಯಾರು? ಅವುರ ಅತ್ತಿ ಮಕ್ಕಳೇನು?"

"ರಾಶಿ ಹುಳದಾಗ ಎಲ್ಲೋ ಒಂದೆರಡು ಹುಟ್ಟಾನs ಗಟ್ಟಿ ಇರ್ತಾವ. ನಿನ್ನ ಎಣ್ಣಿಗೆ ಮಿಕ್ಕಿದ್ದೆಲ್ಲಾ ಸತ್ತು ಆ ಒಂದೆರಡು ಉಳದಾವ, ಮರಿ ಮಾಡ್ಯಾವ. ನೀ ಈಗ ನೋಡಾಕತ್ತಿರೋದು ಅವುನ್ನ. ಯಾವ ಹುಳಾನೂ ದಿನಾ ಕುಡುದು ರೂಢಿ ಮಾಡ್ಕೊಂಡಿಲ್ಲ."

ಅಣ್ಣ ತೋಳನ್ನು ಡ್ರಮ್ಮಿನಿಂದ ತೆಗೆದ. ಮೊಣಕೈಯಿಂದ ಎಣ್ಣಿ ತೊಟ್ಟಿಕ್ಕುತ್ತಿತ್ತು. ಸ್ವಲ್ಪ ಹೊತ್ತು ನಿಜವಾಗಿಯೂ ಯೋಚಿಸಿದ. ಗೆದ್ದೆ ಅಂದುಕೊಂಡೆ ನಾನು. ಆಮೇಲೆ ಅವನ ಮುಖ ಅರಳಿತು.

"ಹಂಗಾರ ನಾನು ಆ ಗಟ್ಟಿ ಹುಳಾನs ಬಿಡು. ಇಷ್ಟು ವರ್ಷಾತು, ಸತ್ತಿಲ್ಲಲ್ಲ?"

"ಹುಳದ ಹಿಂಡಿಗೆ ಸಾವಿರ ಸತ್ರೂ ನಡೀತೈತಿ ಅಣ್ಣ. ನಮ್ಮವ್ವಗ ನೀನು ಒಬ್ಬನs ಮಗ!" ಎಂದು ಕೂಗಿದೆ. 

"ನಿನ್ನ ಮೂಗು ಉದ್ದ ಆಗ್ಲಿಲ್ಲಂತ ಸಿಟ್ಟು ನಿನಗ" ಎಂದು ನಕ್ಕು ಮತ್ತೆ ತೋಳು ಇಳಿಸಿದ.

ಅವನನ್ನು ನಿಲ್ಲಿಸಿದ್ದು ನನ್ನ ಶಾಸ್ತ್ರವಲ್ಲ, ಅವ್ವನ ಕಣ್ಣು. ನಾನು ಶಾಲೆಯಲ್ಲಿ ಕೆಲಸಕ್ಕೆ ಸೇರಿದ ಹೊಸದು. ಊಟಕ್ಕೆ ಕೂತಾಗ ಅಣ್ಣನ ಕೈಯಲ್ಲಿದ್ದ ತುತ್ತು ನಡುಗಿ ನಡುಗಿ ತಟ್ಟೆಗೆ ಉದುರುವುದನ್ನು ಅವಳು ಕಂಡಳು. ಬಾಯಲ್ಲಿ ಜೊಲ್ಲು ಬರುತ್ತಿತ್ತು, ರಾತ್ರಿ ಹಾಸಿಗೆ ಬೆವರಿಗೆ ತೊಯ್ಯುತ್ತಿತ್ತು. ಅವ್ವ ಅನ್ನ ಬಿಟ್ಟಳು. "ನೀ ಪಂಪು ಇಳಿಸೋ ತನಕ ನನಗ ಊಟ ಬ್ಯಾಡ" ಎಂದು ಗೋಡೆಗೆ ಮುಖ ಹಾಕಿ ಮಲಗಿದಳು. ಅಣ್ಣ ಸೋತ. ಪಂಪನ್ನು ಅಟ್ಟಕ್ಕೆ ಹಾಕಿ ಒಂದು ಬೆಳೆ ಪೂರಾ ಅದರ ತಂಟೆಗೆ ಹೋಗಲಿಲ್ಲ.

ಆ ಬೆಳೆಯ ಕಾಲ ನೆನೆದರೆ ಇವತ್ತಿಗೂ ಕಣ್ಣು ತುಂಬುತ್ತದೆ. ಅವನ ಮೈ ತುಂಬಿಕೊಂಡಿತು, ಕೈ ನಡುಕ ನಿಂತಿತು. ನಾನು ರಜೆಗೆ ಊರಿಗೆ ಹೋದಾಗಲೆಲ್ಲ ಕಾಲುವೆಯಲ್ಲಿ ಈಜಿ ಬಂದು ಹಿತ್ತಲ ಬೇವಿನ ಟೊಂಗೆಗೆ ಜೋತುಬಿದ್ದು, "ಗಂಗೀ, ಗೆರಿ ಎಳಿ ಬಾರಲೇ" ಎಂದು ಕರೆಯುತ್ತಿದ್ದ. ಅವ್ವ ಅವನಿಗೆ ಸಂಡೂರ ಕಡೆ ಹೆಣ್ಣು ನೋಡಲು ಶುರು ಮಾಡಿದಳು.

ಮುಂದಿನ ಬೆಳೆಗೆ ಜಿಗಿಹುಳ ಬಿತ್ತು. ಹಸಿರು ಗದ್ದೆ ಬೆಂಕಿ ತಾಗಿದಂತೆ ಮಡಿ ಮಡಿಯಾಗಿ ಒಣಗತೊಡಗಿತು. ಅಂಗಡಿಗೆ ಹೊಸ ಎಣ್ಣಿ ಬಂದಿತ್ತು, ಮೊದಲಿನದಕ್ಕಿಂತ ಬಲು ಖಾರದ್ದು. ಅದರ ಡ್ರಮ್ಮಿಗೆ ಕೈ ಇಳಿಸಲು ಯಾರಿಗೂ ಧೈರ್ಯ ಬರಲಿಲ್ಲ. ಊರಿನವರೆಲ್ಲ ನಮ್ಮ ಮನೆ ಮುಂದೆ ಬಂದು ನಿಂತು, "ಈರಣ್ಣ, ನೀನಾರ ರೂಢಿ ಇದ್ದವ. ನೀ ಬರ್ಲಿಲ್ಲಂದ್ರ ಊರs ಹೊಟ್ಟಿ ಮ್ಯಾಲ ತಣ್ಣೀರ ಬಟ್ಟಿ ಹಾಕ್ಕಂಡು ಮಲಗಬೇಕು" ಎಂದರು. ಅವ್ವ ಅಡ್ಡ ನಿಂತಳು. ಅಣ್ಣ ಅವಳ ಗಲ್ಲ ಮುಟ್ಟಿ, "ಒಂದs ದಿನ ಅವ್ವ, ಡ್ರಮ್ ಕಲೆಸಿ ಕೊಟ್ಟು ಬಂದುಬಿಡ್ತೀನಿ" ಎಂದು ಹೋದ.

ಮೊಣಕೈ ಮುಳುಗುವ ತನಕ ತೋಳು ಇಳಿಸಿ ಕಲೆಸಿದನಂತೆ. ಕಲೆಸಿದವನು ಸುಮ್ಮನೆ ಬರಲಿಲ್ಲ, ಪಂಪನ್ನೂ ಹೊತ್ತ. ಉರಿ ಬಿಸಿಲು. ಗಾಳಿ ತಿರುಗಿ ಹೊಡೆದ ಎಣ್ಣಿಯೆಲ್ಲ ಅವನ ಮೈಮೇಲೆಯೇ ಬಿತ್ತು. ಬದುವಿನ ಮೇಲೆ ಕುಸಿದವನನ್ನು ಟ್ರ್ಯಾಕ್ಟರಿನಲ್ಲಿ ಹಾಕಿಕೊಂಡು ಹೊಸಪೇಟೆಗೆ ತಂದರು. ನಾನು ಕ್ಲಾಸಿನಿಂದ ಸೀಮೆಸುಣ್ಣದ ಕೈಯಲ್ಲೇ ಓಡಿದೆ. ಡಾಕ್ಟರು ರೆಪ್ಪೆ ಬಿಡಿಸಿ ತೋರಿಸಿದರು. ಕಣ್ಣಿನ ಪಾಪೆ ಸಾಸಿವೆ ಕಾಳಿನಷ್ಟಾಗಿತ್ತು. ಅವರು ಚುಚ್ಚುವುದನ್ನೆಲ್ಲ ಚುಚ್ಚಿದರು. ಸಂಜೆ ಅಣ್ಣ ಹೋದ.

ಮಾತಾಡಿಸಲು ಬಂದವರು ಪಡಸಾಲೆಯಲ್ಲಿ ಕೂತು ತಮ್ಮತಮ್ಮಲ್ಲೇ ಕಾರಣ ಹುಡುಕಿದರು. "ರೂಢಿ ತಪ್ಪಿತ್ತು ಪಾಪ. ಒಂದು ಬೆಳಿ ಬಿಟ್ಟಿದ್ನಲ್ಲ, ಮೈ ಮರ್ತುಬಿಟ್ಟಿತ್ತು. ಬಿಡದs ಹೊಡಕೋತ ಬಂದಿದ್ರ ಏನೂ ಆಗ್ತಿದ್ದಿಲ್ಲ." ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಎಲ್ಲರ ಕಣ್ಣಲ್ಲೂ ನೀರಿತ್ತು. ಆ ಮಾತು ಒಳಮನೆಯಲ್ಲಿದ್ದ ಅವ್ವನ ಕಿವಿಗೆ ಬಿತ್ತು. "ಬಿಡಿಸಿದಾಕಿ ನಾನs ಅಲ್ಲೇನವ್ವಾ" ಎಂದು ನನ್ನ ಮುಖ ನೋಡಿದಳು. ಅವಳಿಗೆ ಸಮಾಧಾನ ಹೇಳಲೆಂದು ಒಳಗೆ ಬಂದ ಹೆಂಗಸರು, "ಅಳಬ್ಯಾಡ್ರಿ ಅಮ್ಮಾರ, ದಿನಾ ಹೋದಂಗ ರೂಢಿ ಆಗ್ತೈತಿ" ಎಂದರು.

ಮರುವಾರವೇ ಅದೇ ಗದ್ದೆಯಲ್ಲಿ ಇನ್ನೊಬ್ಬ ತೋಳು ಇಳಿಸಿ ಡ್ರಮ್ ಕಲೆಸುತ್ತಿದ್ದ. ಹುಳ ಇದ್ದಲ್ಲೇ ಇತ್ತು.

ಡಾಕ್ಟರನ್ನು ನಾನು ಹುಡುಕಿಕೊಂಡು ಹೋಗಿ ಕೇಳಿದೆ. "ಯಾರಮ್ಮ ಹಂಗ ಹೇಳಿದ್ದು? ಆ ವಿಷಕ್ಕ ಮೈ ರೂಢಿ ಆಗಂಗಿಲ್ಲ. ಹೊಡದಷ್ಟೂ ರಕ್ತ ಸೋತು ಹೋಗ್ತಿರ್ತದ. ನಿಮ್ಮ ತಾಯಿ ಬಿಡಿಸಿದ್ದಕ್ಕs ಅಷ್ಟು ದಿನ ಬದುಕಿದ್ದ ನಿಮ್ಮಣ್ಣ" ಎಂದರು. ಅದನ್ನು ಹಾಗೆಯೇ ತಂದು ಅವ್ವನಿಗೆ ಹೇಳಿದೆ. ಅವಳು ತಲೆಯಾಡಿಸಿದಳು, ಆದರೆ ನಂಬಲಿಲ್ಲ. "ಮತ್ತ ಹುಳಕ್ಕ ಹೆಂಗ ರೂಢಿ ಆತು?" ಎಂದು ಕೇಳಿದಳು. ನನ್ನ ಸಂಗಡ ಹೊಸಪೇಟೆಗೆ ಬಂದು ಇದ್ದಷ್ಟೂ ವರ್ಷ ಅದೊಂದನ್ನೇ ಕೇಳಿದಳು. ಒಲೆ ಮುಂದೆ ಕೇಳುವಳು, ತಲೆ ಬಾಚುವಾಗ ಕೇಳುವಳು. ಎಷ್ಟೋ ಹುಡುಗಿಯರನ್ನು ಪಾಸು ಮಾಡಿಸಿದ ನಾನು ನನ್ನ ಅವ್ವನ ಮುಂದೆ ಫೇಲಾಗುತ್ತಲೇ ಹೋದೆ. ಸಿಟ್ಟು ಬಂದು ಹಿತ್ತಲಿಗೆ ಹೋಗಿ ಅತ್ತದ್ದೂ ಉಂಟು.

ಒಂದು ಮಧ್ಯಾಹ್ನ ಅವ್ವ ಪಡಸಾಲೆಯಲ್ಲಿ ಜರಡಿ ಹಿಡಿದು ಕಡಲೆ ಸೋಸುತ್ತಿದ್ದಳು. ಆಗಲೇ ಅವಳ ಕಣ್ಣು ಮಬ್ಬಾಗಿತ್ತು, ಬೆರಳಿಂದಲೇ ನೋಡುವಳು. ನಾನು ಹೋಗಿ ಪಕ್ಕದಲ್ಲಿ ಕೂತೆ.

"ಅವ್ವ, ಜರಡ್ಯಾಗ ದಪ್ಪ ಕಾಳು ಉಳದಾವಲ್ಲ, ಅವು ಜರಡ್ಯಾಗ ಕುಂತು ಕುಂತು ದಪ್ಪ ಆದುವೇನು?"

"ಮಳ್ಳಿ ಇದ್ದೀ ಏನು? ಅವು ಮೊದ್ಲs ದಪ್ಪ ಇದ್ವು. ಸಣ್ಣಾವು ಕೆಳಗ ಬಿದ್ವು."

"ಹುಳಾನೂ ಅಷ್ಟs ಅವ್ವ. ಎಣ್ಣಿ ಅನ್ನೋದು ಜರಡಿ. ಉಳದದ್ದು ಮೊದ್ಲs ಗಟ್ಟಿ ಇತ್ತು. ರೂಢಿ ಆಗಿ ಉಳೀಲಿಲ್ಲ. ಉಳದದ್ದು ಕಣ್ಣಿಗೆ ಕಾಣ್ತೈತಿ, ಬಿದ್ದದ್ದು ಯಾರಿಗೂ ಕಾಣಂಗಿಲ್ಲ."

ಅವಳ ಕೈ ನಿಂತಿತು. ಜರಡಿಯನ್ನು ಪಕ್ಕಕ್ಕಿಟ್ಟು ನೆಲದ ಮೇಲೆ ಉದುರಿದ್ದ ಸಣ್ಣ ಕಾಳುಗಳ ಮೇಲೆ ಅಂಗೈ ಆಡಿಸಿದಳು. ಬಹಳ ಹೊತ್ತು ಆಡಿಸಿದಳು.

"ಹಂಗಾರ ಮೈಗೆ ರೂಢಿ ಅನ್ನೋದು ಆಗಂಗಿಲ್ಲ ಅಂತಿ?"

"ಆ ಎಣ್ಣಿಗೆ ಆಗಂಗಿಲ್ಲವ್ವ. ನೀ ಬಿಡಿಸಿದ್ದಕ್ಕ ಅವ ಹೋಗಿಲ್ಲ."

"ಖರೇ ಇರಬೇಕು ಬಿಡು" ಎಂದಳು ಅವ್ವ. "ಅವ ಹೋದಾಗ ಎಲ್ರೂ ರೂಢಿ ಆಗ್ತೈತಿ, ರೂಢಿ ಆಗ್ತೈತಿ ಅಂದ್ರು. ಇಷ್ಟು ವರ್ಷಾತು. ನನಗ ಆಗ್ಲಿಲ್ಲ ನೋಡು."

ಮತ್ತೆ ಅವಳು ಆ ಪ್ರಶ್ನೆ ಕೇಳಲಿಲ್ಲ. ನೆಲದ ಕಾಳನ್ನು ಒಂದೂ ಬಿಡದೆ ಬಳಿದು ಸೆರಗಿಗೆ ಹಾಕಿಕೊಂಡಳು. ಆಮೇಲೆ ಕೊಡದಿಂದ ಒಂದು ಲೋಟ ನೀರು ತೆಗೆದು, ಮೂಸಿ ನೋಡಿ, ನನ್ನ ಕೈಗೆ ಕೊಟ್ಟಳು.